ಸ್ಯಾಟಿನ್ ಸರಿ, ಆದರೆ ಯಾವ ನಾರಿನದ್ದು?

ಬಟ್ಟೆ ತಂದು ಮುಂದಿಟ್ಟವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಇದು ಯಾವುದರಿಂದ ಮಾಡಿದ್ದು?" ಬರುವ ಉತ್ತರ ಹೆಚ್ಚಾಗಿ "ಸ್ಯಾಟಿನ್". ಇಲ್ಲಾಂದ್ರೆ "ಜಾರ್ಜೆಟ್", "ಕ್ರೇಪ್", "ವೆಲ್ವೆಟ್". "ಅದು ನೇಯ್ಗೆ ಆಯ್ತು, ನಾರು ಯಾವುದು?" ಅಂತ ಮತ್ತೆ ಕೇಳಿದರೆ ಕೆಲವರಿಗೆ ಬೇಸರವೇ ಆಗುತ್ತದೆ. "ಹೇಳಿದ್ನಲ್ಲ, ಸ್ಯಾಟಿನ್ ಅಂತ!"

ಡ್ರೈಕ್ಲೀನಿಂಗ್ ನನ್ನ ಕಸುಬು. ಮನೆಯಲ್ಲೇ ಏನೋ ಮಾಡಲು ಹೋಗಿ ಹಾಳಾದ ಮೇಲೆ ನನ್ನ ಹತ್ತಿರ ಬರುವ ಒಳ್ಳೊಳ್ಳೆ ಬಟ್ಟೆಗಳಲ್ಲಿ ಬಹುಪಾಲು ಈ ಒಂದು ಗೊಂದಲದಿಂದಲೇ ಹಾಳಾದವು. ಹಾಗಾಗಿ ಹತ್ತಿ ಎಲ್ಲಿ ಬೆಳೆಯುತ್ತದೆ, ಉಣ್ಣೆ ಯಾವ ಪ್ರಾಣಿಯದ್ದು ಅನ್ನುವ ಪಾಠವನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ಅದು ಎಲ್ಲರಿಗೂ ಗೊತ್ತು. ಈ ಒಂದು ವಿಷಯವನ್ನು ಮಾತ್ರ ಪೂರ್ತಿ ಬಿಡಿಸಿ ಹೇಳುತ್ತೇನೆ.

ಹತ್ತಿ, ಲಿನನ್, ಉಣ್ಣೆ, ರೇಷ್ಮೆ, ವಿಸ್ಕೋಸ್, ಅಸಿಟೇಟ್, ನೈಲಾನ್, ಪಾಲಿಯೆಸ್ಟರ್. ಇವು ನಾರುಗಳು. ಬಟ್ಟೆ ಯಾವುದರಿಂದ ಆಗಿದೆ ಅಂತ ಹೇಳುವುದು ಇವು. ಸ್ಯಾಟಿನ್, ಟ್ವಿಲ್, ಶಿಫಾನ್, ಜಾರ್ಜೆಟ್, ಕ್ರೇಪ್, ವೆಲ್ವೆಟ್, ಫ್ಲಾನಲ್, ಜರ್ಸಿ ಬೇರೆಯದೇ ಗುಂಪು. ನೂಲನ್ನು ಹೇಗೆ ಹುರಿ ಮಾಡಿದರು, ಹೇಗೆ ನೇಯ್ದರು ಅಥವಾ ಹೆಣೆದರು, ಆಮೇಲೆ ಬಟ್ಟೆಗೆ ಏನು ಮಾಡಿದರು ಅಂತ ಹೇಳುವುದು ಇವು. ಮೂರೆಳೆ ಜಡೆ ಅಂದರೆ ಹೆಣೆದ ರೀತಿ ಅಷ್ಟೇ ಅಲ್ವಾ? ಕೂದಲನ್ನೂ ಹಾಗೆ ಹೆಣೆಯಬಹುದು, ಹಗ್ಗವನ್ನೂ ಹೆಣೆಯಬಹುದು, ಚರ್ಮದ ಪಟ್ಟಿಯನ್ನೂ ಹೆಣೆಯಬಹುದು. ಸ್ಯಾಟಿನ್ ಕೂಡ ಹಾಗೆಯೇ.

ಸ್ಯಾಟಿನ್ ಹೊಳೆಯುವುದು ಏಕೆ ಅಂತ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ಎಳೆ ಹಾಸು, ಅಡ್ಡ ಹಾಯುವ ಎಳೆ ಹೊಕ್ಕು. ಸಾದಾ ನೇಯ್ಗೆಯಲ್ಲಿ ಹಾಸಿನ ಎಳೆ ಒಂದು ಹೊಕ್ಕಿನ ಮೇಲೆ ಹೋದರೆ ಮುಂದಿನದರ ಕೆಳಗೆ ಹೋಗುತ್ತದೆ. ಸ್ಯಾಟಿನ್‌ನಲ್ಲಿ ಅದೇ ಎಳೆ ನಾಲ್ಕು ಹೊಕ್ಕುಗಳ ಮೇಲೆ ತೇಲಿಕೊಂಡು ಹೋಗಿ, ಐದನೆಯದರ ಕೆಳಗೆ ಒಮ್ಮೆ ಇಳಿದು, ಮತ್ತೆ ಮೇಲೆ ಬರುತ್ತದೆ. ಇನ್ನೂ ನುಣುಪಾದವುಗಳಲ್ಲಿ ಏಳರ ಮೇಲೆ ತೇಲಿ ಎಂಟನೆಯದರ ಕೆಳಗೆ ಇಳಿಯುತ್ತದೆ. ಹೀಗಾಗಿ ಬಟ್ಟೆಯ ಮೈ ಮೇಲೆ ಉದ್ದುದ್ದ ಎಳೆಗಳು ಒತ್ತಾಗಿ ಮಲಗಿರುತ್ತವೆ. ಬೆಳಕು ಚೆದುರುವುದಿಲ್ಲ, ಕೈ ಜಾರುತ್ತದೆ. ಉಂಗುರಕ್ಕೆ ಸಿಕ್ಕಿ ಎಳೆ ಬೇಗ ಎದ್ದು ಬರುವುದೂ ಇದೇ ಕಾರಣಕ್ಕೆ. ಈ ಹೊಳಪಿಗೆ ನಾರಿನ ಕೊಡುಗೆ ಇಲ್ಲವೇ ಇಲ್ಲ ಅನ್ನುವುದಿಲ್ಲ, ಇದೆ. ಆದರೆ ರೇಷ್ಮೆ ನೂಲಿನಲ್ಲಿ ಹೀಗೆ ನೇಯ್ದರೂ ಸ್ಯಾಟಿನ್, ಪಾಲಿಯೆಸ್ಟರ್‌ನಲ್ಲಿ ನೇಯ್ದರೂ ಸ್ಯಾಟಿನ್, ಅಸಿಟೇಟ್‌ನಲ್ಲಿ ನೇಯ್ದರೂ ಸ್ಯಾಟಿನ್. ಮಳಿಗೆಯ ದೀಪದ ಕೆಳಗೆ ಮೂರನ್ನೂ ಪಕ್ಕಪಕ್ಕ ಇಟ್ಟರೆ ಬರಿಗಣ್ಣಿನಲ್ಲಿ ಗುರುತಿಸುವುದು ಕಷ್ಟ.

ಜನ ಸುಮ್ನೆ ತಪ್ಪು ತಿಳಿದುಕೊಂಡಿಲ್ಲ. ಈ ಗೊಂದಲಕ್ಕೆ ಕಾರಣ ಇದೆ. ಹಿಂದೆ ಸ್ಯಾಟಿನ್, ಶಿಫಾನ್, ಒಳ್ಳೆಯ ವೆಲ್ವೆಟ್ ಅಂದರೆ ಬಹುಮಟ್ಟಿಗೆ ರೇಷ್ಮೆಯೇ ಆಗಿತ್ತು. ಅಷ್ಟು ಉದ್ದದ, ತುಂಡಿಲ್ಲದ ಎಳೆ ಬೇರೆ ಯಾವ ನಾರಿನಲ್ಲೂ ಸಿಗುತ್ತಿರಲಿಲ್ಲ. ಹತ್ತಿಯ ನಾರು ಎರಡು ಮೂರು ಸೆಂಟಿಮೀಟರ್ ಉದ್ದ. ರೇಷ್ಮೆಗೂಡಿನಿಂದ ಬಿಚ್ಚುವ ಎಳೆ ನೂರಾರು ಮೀಟರ್. 1892ರಲ್ಲಿ ಇಂಗ್ಲೆಂಡಿನಲ್ಲಿ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ವಿಸ್ಕೋಸ್‌ಗೆ ಪೇಟೆಂಟ್ ಪಡೆದರು. ಮರದ ತಿರುಳನ್ನು ರಾಸಾಯನಿಕಗಳಿಂದ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ತಳ್ಳಿ, ಮತ್ತೆ ಎಳೆಯಾಗಿಸುವ ವಿಧಾನ ಅದು. 1935ರಲ್ಲಿ ನೈಲಾನ್ ಬಂತು, 1941ರಲ್ಲಿ ಪಾಲಿಯೆಸ್ಟರ್ ನಾರು ಬಂತು. ಆಮೇಲೆ ಎಷ್ಟು ಉದ್ದ ಬೇಕೋ ಅಷ್ಟು ಉದ್ದದ ಎಳೆ ಕಾರ್ಖಾನೆಯಲ್ಲೇ ಸಿಗತೊಡಗಿತು. ನೇಯ್ಗೆ ಹಳೆಯದೇ ಉಳಿಯಿತು, ಹೆಸರೂ ಹಳೆಯದೇ ಉಳಿಯಿತು, ಒಳಗಿನ ನಾರು ಮಾತ್ರ ಬದಲಾಯಿತು.

"ಏನಾದರೇನು, ಹೊಳೆದರೆ ಸಾಕಲ್ವಾ?" ಅಂತ ಒಬ್ಬ ಹುಡುಗಿ ನನ್ನನ್ನು ಕೇಳಿದ್ದಳು. ಹಾಕಿಕೊಂಡು ಓಡಾಡುವಷ್ಟು ಹೊತ್ತು ಸಾಕು. ಒಂದು ಕಲೆ ಬಿದ್ದ ಕ್ಷಣದಿಂದ ಸಾಲದು. ಅವಳ ಕಡುನೀಲಿ ಸ್ಯಾಟಿನ್ ಗೌನಿನ ಮೇಲೆ ಉಗುರುಬಣ್ಣದ ಒಂದು ಹನಿ ಬಿದ್ದಿತ್ತು. ಸಾಸಿವೆಯಷ್ಟೇ ದೊಡ್ಡದು. ಉಗುರಿನಿಂದ ತೆಗೆಯುವ ದ್ರವ ಬಟ್ಟೆಯಿಂದಲೂ ತೆಗೆಯುತ್ತದೆ ಅಂದುಕೊಂಡು ಅದನ್ನು ಹತ್ತಿಯಲ್ಲಿ ಅದ್ದಿ ಉಜ್ಜಿದ್ದಳು. ಅವಳ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ದ್ರವದಲ್ಲಿ ಅಸಿಟೋನ್ ಇತ್ತು, ಗೌನು ಅಸಿಟೇಟ್ ನಾರಿನದ್ದಾಗಿತ್ತು, ಮತ್ತು ಅಸಿಟೇಟ್ ಅಸಿಟೋನಿನಲ್ಲಿ ಕರಗಿಹೋಗುತ್ತದೆ. ನನ್ನ ಮುಂದೆ ಬಂದಾಗ ಆ ಜಾಗದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ತೂತಿನ ಅಂಚಿನ ಎಳೆಗಳು ಒಂದಕ್ಕೊಂದು ಅಂಟಿ, ಒಣಗಿದ ಗೋಂದಿನ ಹಾಗೆ ಗಟ್ಟಿಯಾಗಿದ್ದವು. ಪಾಲಿಯೆಸ್ಟರ್ ಸ್ಯಾಟಿನ್ ಆಗಿದ್ದರೆ ನಾರಿಗೆ ಏನೂ ಆಗುತ್ತಿರಲಿಲ್ಲ. ಬಟ್ಟೆಯ ಬಣ್ಣ ಏನಾಗುತ್ತಿತ್ತೋ, ಅದನ್ನು ಒಳಮಡಿಕೆಯಲ್ಲಿ ಪರೀಕ್ಷಿಸದೆ ನಾನೂ ಹೇಳಲಾರೆ. ಒಳಹೊಲಿಗೆಯಲ್ಲಿದ್ದ ಸಣ್ಣ ಪಟ್ಟಿಯಲ್ಲಿ "ಅಸಿಟೇಟ್" ಅಂತ ಸ್ಪಷ್ಟವಾಗಿ ಬರೆದಿತ್ತು. ಓದಿ ತೋರಿಸಿದಾಗ ಪಾಪ, ಅವಳ ಕಣ್ಣು ತುಂಬಿತು. ಒಂದು ಹೂವಿನ ಕಸೂತಿ ಹಾಕಿಸಿ ತೂತು ಮುಚ್ಚಿಸಿದೆವು.

ಜಾರ್ಜೆಟ್ ವಿಷಯಕ್ಕೆ ಬನ್ನಿ. ನನ್ನ ಪ್ರಕಾರ ಅತಿ ಹೆಚ್ಚು ಜನರನ್ನು ಅಳಿಸುವ ಬಟ್ಟೆ ಇದು. ಜಾರ್ಜೆಟ್ ಅಂದರೆ ಸಾದಾ ನೇಯ್ಗೆಯೇ. ವಿಶೇಷ ಇರುವುದು ನೂಲಿನಲ್ಲಿ. ನೂಲಿಗೆ ತುಂಬಾ ಬಿಗಿಯಾದ ಹುರಿ ಕೊಟ್ಟಿರುತ್ತಾರೆ, ಕೆಲವು ಎಳೆಗೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಆ ಬಿಗಿತದಿಂದಲೇ ಬಟ್ಟೆಗೆ ಮರಳಿನಂತಹ ಸಣ್ಣ ತರಿ ಬರುವುದು. ಇದೇ ಬಟ್ಟೆಯನ್ನು ವಿಸ್ಕೋಸ್ ನೂಲಿನಲ್ಲಿ ನೇಯ್ದಿದ್ದರೆ ನೀರು ಬಿದ್ದ ಕೂಡಲೇ ನಾರು ಉಬ್ಬುತ್ತದೆ, ಹುರಿ ಇನ್ನಷ್ಟು ಬಿಗಿಯುತ್ತದೆ, ಬಟ್ಟೆ ಮುದುಡಿಕೊಳ್ಳುತ್ತದೆ. ಒಮ್ಮೆ ಅಕ್ಕ ತಂಗಿ ಇಬ್ಬರು ಒಂದೇ ತರಹದ, ಒಂದೇ ಬಣ್ಣದ ಎರಡು ಜಾರ್ಜೆಟ್ ಮೇಲಂಗಿ ಹಿಡಿದು ಬಂದಿದ್ದರು. ಒಂದೇ ಬಕೆಟ್ಟಿನಲ್ಲಿ ಒಗೆದದ್ದಂತೆ. ತಂಗಿಯದ್ದು ಹೊಸದರ ಹಾಗೇ ಇತ್ತು. ಅಕ್ಕನದ್ದು ಒಂದು ಗೇಣು ಗಿಡ್ಡವಾಗಿತ್ತು. ತಂಗಿಯೇ ಏನೋ ಮಾಡಿದ್ದಾಳೆ ಅಂತ ಅಕ್ಕನಿಗೆ ಅನುಮಾನ! ತಂಗಿಯದ್ದು ಪಾಲಿಯೆಸ್ಟರ್, ಅಕ್ಕನದ್ದು ವಿಸ್ಕೋಸ್, ಅಷ್ಟೇ. ಒದ್ದೆಬಟ್ಟೆಗೆ ಹಬೆ ಕೊಟ್ಟು, ನಿಧಾನವಾಗಿ ಎಳೆದು ಸ್ವಲ್ಪ ಉದ್ದ ವಾಪಸ್ ತಂದೆ. ಪೂರ್ತಿ ಬರಲಿಲ್ಲ, ಬರುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡುವುದೂ ಇಲ್ಲ.

ವಿಸ್ಕೋಸ್ ಬಗ್ಗೆ ಇನ್ನೊಂದು ಮಾತು. ಒದ್ದೆಯಾದಾಗ ಅದರ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಹತ್ತಿಗೆ ಇದು ಉಲ್ಟಾ, ಒದ್ದೆಯಾದರೆ ಬಲ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಎರಡೂ ಗಿಡಮರಗಳಿಂದ ಬಂದ ಸೆಲ್ಯುಲೋಸ್, ಎರಡೂ ಮೃದು, ಎರಡೂ ತಂಪು. ಆದರೆ ಹತ್ತಿಯನ್ನು ಹಿಂಡಿದ ಹಾಗೆ ವಿಸ್ಕೋಸನ್ನು ಹಿಂಡಿದರೆ ಹೊಲಿಗೆಯ ಪಕ್ಕದಲ್ಲೇ ಹರಿಯಬಹುದು.

ರೇಷ್ಮೆ, ಉಣ್ಣೆಗಳ ಕಥೆ ಇನ್ನೊಂದು ದಿಕ್ಕು. ಇವು ಪ್ರೋಟೀನ್. ಕಲೆ ತೆಗೆಯುವ ಎಷ್ಟೋ ಡಿಟರ್ಜೆಂಟ್‌ಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ ಇರುತ್ತದೆ. ರಕ್ತದ ಕಲೆಗೆ ಅದು ಒಳ್ಳೆಯದು, ಆದರೆ ಬಟ್ಟೆಯೇ ಪ್ರೋಟೀನ್ ಆಗಿದ್ದರೆ ಆ ಕಿಣ್ವಕ್ಕೆ ಕಲೆ ಯಾವುದು, ಬಟ್ಟೆ ಯಾವುದು ಅನ್ನುವ ಭೇದ ಇಲ್ಲ. ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನೂ ರೇಷ್ಮೆಯನ್ನೂ ಕರಗಿಸಿಯೇ ಬಿಡುತ್ತದೆ. ಬಿಳಿ ಕ್ರೇಪ್ ಅಂತ ಬ್ಲೀಚ್‌ಗೆ ಹಾಕುವವರು ಇದ್ದಾರೆ. ಕ್ರೇಪ್ ಹತ್ತಿಯದ್ದೂ ಇರುತ್ತದೆ, ರೇಷ್ಮೆಯದ್ದೂ ಇರುತ್ತದೆ. ಉಣ್ಣೆಯದ್ದೂ ಇರುತ್ತದೆ. ದಯವಿಟ್ಟು ನೋಡಿ ಹಾಕಿ.

"ಸ್ಯಾಟಿನ್ ಹಾಕಿಕೊಂಡರೆ ಬೆವರುತ್ತೆ" ಅಂತ ದೂರುವವರೂ ಇದ್ದಾರೆ. ಅದು ಸ್ಯಾಟಿನ್ ತಪ್ಪಲ್ಲ, ಬಹುತೇಕ ಪಾಲಿಯೆಸ್ಟರ್‌ನ ಸ್ವಭಾವ. ಸಾಮಾನ್ಯ ತೇವ ಇರುವ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರನ್ನು ಒಳಗೆ ಇಟ್ಟುಕೊಳ್ಳುತ್ತದೆ. ರೇಷ್ಮೆ ಸುಮಾರು 11 ಗ್ರಾಂ. ಉಣ್ಣೆ ಅದಕ್ಕಿಂತಲೂ ಜಾಸ್ತಿ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ರೇಷ್ಮೆಯ ಸ್ಯಾಟಿನ್ ಉಟ್ಟವರಿಗೂ ಪಾಲಿಯೆಸ್ಟರ್ ಸ್ಯಾಟಿನ್ ಉಟ್ಟವರಿಗೂ ಮೈಗೆ ಬೇರೆ ಬೇರೆ ಅನುಭವ ಆಗುವುದು ಸಹಜ.

ಇಸ್ತ್ರಿಯಲ್ಲೂ ಅಷ್ಟೇ. ಬಟ್ಟೆಯ ಪಟ್ಟಿಯಲ್ಲಿರುವ ಇಸ್ತ್ರಿ ಚಿತ್ರದೊಳಗೆ ಒಂದು ಚುಕ್ಕಿ ಇದ್ದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಮೂರು ಇದ್ದರೆ ಸುಮಾರು 200. ಹತ್ತಿಗೆ ಮೂರು ಚುಕ್ಕಿ ಸರಿ. ಅದೇ ಬಿಸಿಯನ್ನು ಅಸಿಟೇಟ್‌ಗೆ ಇಟ್ಟರೆ ಬಟ್ಟೆ ಇಸ್ತ್ರಿಪೆಟ್ಟಿಗೆಗೇ ಅಂಟಿಕೊಳ್ಳುತ್ತದೆ.

ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಆದರೆ ಹೇಳದೆ ಇರಲಾರೆ. ಬಿದಿರಿನ ಬಟ್ಟೆ ಅಂತ ಮೃದುವಾದ, ಜಾರುವ ಬಟ್ಟೆ ಮಾರುತ್ತಾರಲ್ಲ, ಅದು ಬಹುಪಾಲು ವಿಸ್ಕೋಸ್. ಬಿದಿರನ್ನು ಕರಗಿಸಿ ಸೆಲ್ಯುಲೋಸ್ ತೆಗೆದು ಮಾಡಿದ್ದು. ಬಿದಿರಿನ ಕಾಂಡದಲ್ಲಿದ್ದ ನಾರು ಅದರಲ್ಲಿ ಉಳಿದಿರುವುದಿಲ್ಲ. 2009ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನೇ ಹಿಡಿದು, ರೇಯಾನನ್ನು (ವಿಸ್ಕೋಸ್‌ಗೆ ಅಲ್ಲಿ ಬಳಸುವ ಹೆಸರು) ಬಿದಿರಿನ ಬಟ್ಟೆ ಅಂತ ಮಾರಿದ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಆರ್ಟ್ ಸಿಲ್ಕ್ ಅನ್ನುವುದರಲ್ಲೂ ರೇಷ್ಮೆ ಇರುವುದಿಲ್ಲ. ವಿಸ್ಕೋಸ್ ಇರುತ್ತದೆ, ಈಗ ಎಷ್ಟೋ ಸಲ ಪಾಲಿಯೆಸ್ಟರ್ ಇರುತ್ತದೆ. ಇವು ಕೆಟ್ಟ ಬಟ್ಟೆ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ವಿಸ್ಕೋಸ್ ನನಗೆ ತುಂಬಾ ಇಷ್ಟ, ಅದು ಇಳಿಬೀಳುವ ಚಂದ ಬೇರೆ ನಾರಿಗೆ ಸುಲಭವಾಗಿ ಬರುವುದಿಲ್ಲ. ಒಗೆಯುವವರಿಗೆ ನಿಜ ಗೊತ್ತಿರಬೇಕು ಅಷ್ಟೇ.

ಪಟ್ಟಿ ಇಲ್ಲದ ಬಟ್ಟೆಯಾದರೆ ಏನು ಮಾಡುವುದು? ಒಳಹೊಲಿಗೆಯ ಅಂಚಿನಿಂದ ಒಂದೇ ಒಂದು ಎಳೆ ಬಿಡಿಸಿಕೊಳ್ಳಿ. ಅದರ ಹುರಿ ಬಿಚ್ಚಿ, ಬೆಳಕಿಗೆ ಹಿಡಿಯಿರಿ. ಗಿಡ್ಡ ಗಿಡ್ಡ ನಾರುಗಳು ಬಿಟ್ಟುಕೊಂಡು, ತುದಿಯಲ್ಲಿ ಜುಂಗಿನ ಹಾಗೆ ಕಂಡರೆ ಅದು ರೇಷ್ಮೆಗೂಡಿನಿಂದ ನೇರ ಬಿಚ್ಚಿದ ಎಳೆಯಲ್ಲ. ಹತ್ತಿಯೋ, ಉಣ್ಣೆಯೋ, ಕತ್ತರಿಸಿ ನೂತ ಬೇರೆ ನಾರೋ ಇರಬಹುದು. ನೂತ ರೇಷ್ಮೆಯೂ ಉಂಟು, ಅದಕ್ಕೇ ಅವಸರದ ತೀರ್ಮಾನ ಬೇಡ. ಹತ್ತಿಯೋ ವಿಸ್ಕೋಸೋ ಅಂತ ಅನುಮಾನ ಇದ್ದರೆ ಎಳೆಯ ನಡುಭಾಗವನ್ನು ಮಾತ್ರ ಒದ್ದೆ ಮಾಡಿ, ಎರಡೂ ತುದಿ ಹಿಡಿದು ಎಳೆಯಿರಿ. ಒದ್ದೆ ಜಾಗದಲ್ಲೇ ತುಂಡಾದರೆ ವಿಸ್ಕೋಸ್ ಇರುವ ಸಾಧ್ಯತೆ ಜಾಸ್ತಿ. ಒಣ ಜಾಗದಲ್ಲಿ ತುಂಡಾದರೆ ಹತ್ತಿಯ ಕಡೆಗೆ ವಾಲಬಹುದು. ಎರಡು ಮೂರು ಎಳೆಗೆ ಮಾಡಿ ನೋಡಿ, ಹಾಸಿನದ್ದೂ ಹೊಕ್ಕಿನದ್ದೂ ಬೇರೆ ಬೇರೆಯಾಗಿ. ಎಷ್ಟೋ ಬಟ್ಟೆಗಳಲ್ಲಿ ಹಾಸು ಒಂದು ನಾರು, ಹೊಕ್ಕು ಇನ್ನೊಂದು.

ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಹತ್ತಿಗೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಇದನ್ನು ನಂಬಿ ದುಬಾರಿ ಬಟ್ಟೆಯ ಹಣೆಬರಹ ಬರೆಯಬೇಡಿ. ವಿಸ್ಕೋಸ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ, ಎರಡರ ವ್ಯತ್ಯಾಸ ಬೆಂಕಿ ಹೇಳುವುದಿಲ್ಲ. ಮಿಶ್ರ ನೂಲಾದರೆ ವಾಸನೆಯೂ ಮಿಶ್ರವೇ. ಕರಗಿದ ಪಾಲಿಯೆಸ್ಟರ್, ನೈಲಾನ್ ಹನಿ ಬೆರಳಿಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಮಾಡಲೇಬೇಕಿದ್ದರೆ ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು, ಎಳೆಯನ್ನು ಮಾತ್ರ ಸುಡಿ. ಸೂಕ್ಷ್ಮದರ್ಶಕ ಇರುವ ಪ್ರಯೋಗಾಲಯ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಉಣ್ಣೆಯ ಮೇಲೆ ಮೀನಿನ ಮೈಯಂತೆ ಹುರುಪೆಗಳು, ಹತ್ತಿ ತಿರುಚಿದ ಪಟ್ಟಿಯ ಹಾಗೆ, ಎರಡನ್ನೂ ಅಲ್ಲಿ ನೋಡಿದ ಕೂಡಲೇ ಗುರುತಿಸಬಹುದು.

ಮಿಶ್ರ ಬಟ್ಟೆಯಲ್ಲಿ ನಾನು ನಡೆದುಕೊಳ್ಳುವುದು ಅತಿ ನಾಜೂಕಿನ ನಾರನ್ನು ನೋಡಿ. ನೂರಕ್ಕೆ ಎಂಬತ್ತು ಹತ್ತಿ, ಇಪ್ಪತ್ತು ರೇಷ್ಮೆ ಇದ್ದರೆ ಅದಕ್ಕೆ ಬ್ಲೀಚ್ ಇಲ್ಲ, ಕಿಣ್ವ ಇಲ್ಲ. ಒಳಲೈನಿಂಗ್‌ನ ಪಟ್ಟಿಯನ್ನೂ ಬೇರೆಯಾಗಿ ಓದಬೇಕು. ಹೊರಗೆ ಉಣ್ಣೆ, ಒಳಗೆ ಅಸಿಟೇಟ್ ಇರುವ ಕೋಟುಗಳು ಎಷ್ಟೋ ಬರುತ್ತವೆ.

ಥಾನಿನಿಂದ ಕತ್ತರಿಸಿ ಕೊಡುವ ಬಟ್ಟೆಗೆ ಪಟ್ಟಿಯೇ ಇರುವುದಿಲ್ಲ. ಥಾನಿನ ತುದಿಗೆ ಅಂಟಿಸಿದ ಚೀಟಿಯಲ್ಲಿ ನಾರಿನ ಹೆಸರು ಇದೆಯಾ ನೋಡಿ, ಅದನ್ನೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ದರ್ಜಿ ಕತ್ತರಿಸಿದ ಮೇಲೆ ಉಳಿದ ಚೂರಿನಲ್ಲಿ ಅಂಗೈ ಅಗಲದ ಒಂದನ್ನು ಎಸೆಯದೆ ಇಟ್ಟುಕೊಂಡು, ಕಲೆಯಾದ ದಿನ ಬಟ್ಟೆಯ ಜೊತೆ ತನ್ನಿ. ದ್ರವ ಯಾವುದು ಒಗ್ಗುತ್ತದೆ, ಬಿಸಿ ಎಷ್ಟು ತಡೆಯುತ್ತದೆ ಅನ್ನುವುದನ್ನು ಮೊದಲು ಆ ಚೂರಿನ ಮೇಲೆ ನೋಡಿಕೊಂಡು, ಆಮೇಲೆ ನಿಮ್ಮ ಬಟ್ಟೆಗೆ ಕೈ ಹಾಕುತ್ತೇನೆ.