ಎಐಗೆ ಕೇಳಿ ಓದಿದ್ರೆ ಮಗಳ ತಲೆ ಮಂಕಾಗುತ್ತಾ?

ಜಮಖಂಡಿಯಿಂದ ಒಬ್ಬ ತಂದೆ ಕೇಳಿದ್ದಾರೆ: "ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ಯಾವ ಲೆಕ್ಕ ಬಂದ್ರೂ ಫೋಟೋ ಹೊಡದು ಎಐಗೆ ಹಾಕ್ತಾಳ್ರಿ. ಉತ್ತರ ಬರತೈತಿ, ಬರಕೋತಾಳ. ಕೇಳಿದ್ರ ಎಲ್ಲಾ ತಿಳದೈತಿ ಅಂತಾಳ. ಹಿಂಗಾದ್ರ ತಲಿ ಮಂಕಾಗೂದಿಲ್ಲೇನ್ರಿ?"

ತಲೆ ಮಂಕಾಗುವುದಿಲ್ಲ ಸರ್. ಆದರೆ ಆ 'ಎಲ್ಲಾ ತಿಳದೈತಿ' ಇದೆಯಲ್ಲ, ನನಗೆ ಅನುಮಾನ ಅದರ ಮೇಲೆ.

ಟರ್ಕಿ ದೇಶದ ಸುಮಾರು 1,000 ಹೈಸ್ಕೂಲ್ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಗಣಿತದ ಅಭ್ಯಾಸಕ್ಕೆ ಕೆಲವರಿಗೆ ಸಾದಾ ಎಐ, ಕೆಲವರಿಗೆ ಉತ್ತರ ಬಿಟ್ಟುಕೊಡದೆ ಸುಳಿವು ಮಾತ್ರ ಕೊಡುವ ಎಐ, ಉಳಿದವರಿಗೆ ಪುಸ್ತಕ ಮತ್ತು ನೋಟ್ಸ್ ಅಷ್ಟೇ. ಅಭ್ಯಾಸದಲ್ಲಿ ಸಾದಾ ಎಐ ಇದ್ದವರು ಪುಸ್ತಕದವರಿಗಿಂತ ಶೇ. 48ರಷ್ಟು ಮುಂದೆ. ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ ಅದೇ ಮಕ್ಕಳು ಶೇ. 17ರಷ್ಟು ಹಿಂದೆ! ಸುಳಿವಿನ ಎಐ ಬಳಸಿದವರಿಗೆ ಈ ಪೆಟ್ಟು ಹೆಚ್ಚುಕಡಿಮೆ ಬೀಳಲೇ ಇಲ್ಲ. ಹಿಂದೆ ಬಿದ್ದವರಿಗೆ ತಾವು ಕಡಿಮೆ ಕಲಿತಿದ್ದೇವೆ ಅಂತ ಅನ್ನಿಸಿರಲೂ ಇಲ್ಲ. ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ನಿಜವಾಗಿ ಹಾಗೇ ಅನ್ನಿಸುತ್ತಿರಬೇಕು.

ಯಾಕೆ ಹೀಗೆ? ನಮ್ಮ ಕಡೆ ರೊಟ್ಟಿ ಬಡಿಯುವುದನ್ನು ನೋಡದ ಮಕ್ಕಳಿಲ್ಲ. ಹತ್ತು ವರ್ಷ ಅವ್ವನ ಪಕ್ಕ ಕೂತು ನೋಡಿದವಳೂ ಮೊದಲ ಸಲ ತಾನೇ ಬಡಿಯಲು ಕೂತರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಹಾಗಾಗಿ ಎಸರು ಎಷ್ಟು, ಎಷ್ಟು ಹೊತ್ತು ನಾದಬೇಕು, ಕೈ ಎಷ್ಟು ಒತ್ತಬೇಕು ಅನ್ನೋದು ನಾಲ್ಕು ರೊಟ್ಟಿ ಹರಿದ ಮೇಲೇ ಕೈಗೆ ಬರುವುದು. ಲೆಕ್ಕವೂ ಹಾಗೇ. ಬಿಡಿಸಿಟ್ಟ ಲೆಕ್ಕ ಓದುವಾಗ ಪ್ರತಿ ಸಾಲಿಗೂ 'ಹೌದಲ್ಲ' ಅನ್ನಿಸುತ್ತದೆ. ಮುಂದಿನ ಸಾಲನ್ನು ತಾನೇ ಹುಡುಕಬೇಕಾದಾಗ ಗೊತ್ತಾಗುತ್ತದೆ ರೊಟ್ಟಿ ಎಲ್ಲಿ ಹರಿಯಿತು ಅಂತ.

ಇನ್ನು 'ಎಐನಿಂದ ಮೆದುಳು ಹಾಳು' ಅಂತ ವಾಟ್ಸಾಪಿನಲ್ಲಿ ಸುತ್ತುವ ಸುದ್ದಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2025ರಲ್ಲಿ 54 ಜನರಿಂದ ಪ್ರಬಂಧ ಬರೆಸಿ ಮಾಡಿದ ಅಧ್ಯಯನವನ್ನು ಜನ ಹಾಗೆ ಹಿಗ್ಗಿಸಿದ್ದಾರೆ. ಎಐ ಬಳಸಿದವರಲ್ಲಿ ಹೆಚ್ಚಿನವರಿಗೆ ತಾವು ಈಗಷ್ಟೇ ಬರೆದ ಸಾಲೇ ನೆನಪಾಗಲಿಲ್ಲ ಅನ್ನೋದು ನಿಜ. ಆದರೆ 'ದಡ್ಡರಾಗುತ್ತಾರೆ' ಅಂತೆಲ್ಲ ಬರೆಯಬೇಡಿ ಅಂತ ಸಂಶೋಧಕರೇ ಕೇಳಿಕೊಂಡಿದ್ದರು.

ಹಾಗಂತ ಮೊಬೈಲ್ ಕಸಿದುಕೊಳ್ಳಬೇಡಿ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿಗೆ ಕಾಲಿಟ್ಟ ಕೂಡಲೇ ಫಿಸಿಕ್ಸ್ ಪೂರ್ತಿ ಇಂಗ್ಲಿಷ್. ಲೆಕ್ಕ ಬರುವುದಿಲ್ಲ ಅಂತಲ್ಲ, ಪ್ರಶ್ನೆಯೇ ತಲೆಗೆ ಹೋಗುವುದಿಲ್ಲ, ಕ್ಲಾಸಲ್ಲಿ ಎದ್ದು ಕೇಳಲು ನಾಚಿಕೆ. ಅಂಥವಳು ರಾತ್ರಿ ಹತ್ತಕ್ಕೆ 'ಟಾರ್ಕ್ ಅಂದ್ರೇನು, ಕನ್ನಡದಲ್ಲಿ ಹೇಳು' ಅಂತ ಕೇಳಿ, ಬಾಗಿಲನ್ನು ಬಿಜಾಗರಿ ಹತ್ತಿರ ತಳ್ಳಿದರೆ ಯಾಕೆ ಕಷ್ಟ ಅನ್ನೋದರಿಂದ ಅದು ಅರ್ಥವಾದರೆ, ಅದು ದೊಡ್ಡ ಮಾತು. ಈ ಅನುಕೂಲ ನನ್ನ ಕಾಲದಲ್ಲಿ ಇರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಬಿಡಿ.

ಬದಲಾಗಬೇಕಾದ್ದು ಯಾವಾಗ ಕೇಳುತ್ತಾಳೆ ಅನ್ನೋದು. ಮೊದಲು ಹತ್ತು ನಿಮಿಷ ನೋಟ್‌ಬುಕ್ಕಲ್ಲಿ ತಾನೇ ಒದ್ದಾಡಲಿ. ಸಿಕ್ಕಿಹಾಕಿಕೊಂಡ ಜಾಗವನ್ನು ಬರೆದು 'ಉತ್ತರ ಬೇಡ, ಮುಂದಿನ ಒಂದು ಹೆಜ್ಜೆ ಮಾತ್ರ ಹೇಳು' ಅಂತ ಕೇಳಲಿ. ಮಾರನೇ ದಿನ ಮೊಬೈಲ್ ಬದಿಗಿಟ್ಟು ಅದೇ ಲೆಕ್ಕ ಮತ್ತೆ ಮಾಡಲಿ. ಫೋಟೋದಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋದರೂ ಎಐ ಅಷ್ಟೇ ಧೈರ್ಯವಾಗಿ ತಪ್ಪು ಉತ್ತರ ಕೊಡಬಹುದು, ಅದನ್ನು ಹಿಡಿಯಲಿಕ್ಕಾದರೂ ತನಗೆ ಗೊತ್ತಿರಬೇಕಲ್ವಾ?

ಇವತ್ತು ಊಟ ಆದಮೇಲೆ ಒಂದು ಲೆಕ್ಕ ನಿಮಗೆ ವಿವರಿಸಲು ಹೇಳಿ. ನಿಮಗೆ ಫಿಸಿಕ್ಸ್ ಬರಬೇಕಂತಿಲ್ಲ, ಸುಮ್ನೆ ಕೇಳುತ್ತಾ 'ಅದ್ಯಾಕೆ?' ಅನ್ನಿ ಸಾಕು, ಎಲ್ಲಿ ತಡವರಿಸಿದಳು ಅಂತ ಅವಳಿಗೇ ಗೊತ್ತಾಗುತ್ತದೆ. ಬೈಯಬೇಡಿ ಮಾತ್ರ. ಎಐ ಬೈಯುವುದಿಲ್ಲ, ಅವಳು ಅದರ ಹತ್ತಿರ ಹೋಗುವುದಕ್ಕೆ ಅದೂ ಒಂದು ಕಾರಣ ಇರಬಹುದು.