ಅದು ರೋಗ ಅಲ್ಲ, ಬಿಸಿಲು

ಮೊನ್ನೆ ಒಬ್ಬರು ಅಡಿಕೆ ಸಸಿಯ ಎಲೆಯೊಂದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. "ಸರ್, ಇದೆಂಥ ರೋಗ? ನೆಟ್ಟು ಎಂಟು ದಿನ ಆಗಿಲ್ಲ. ಯಾವ ಔಷಧಿ ಹೊಡೀಲಿ?"

ಎಲೆ ಬಿಳಿಚಿಕೊಂಡು ಒಣಗಿತ್ತು. ನಡುವೆ ಮಾತ್ರ ಎರಡು ಬೆರಳಗಲದ ಪಟ್ಟಿಯೊಂದು ಹಚ್ಚಗೆ ಉಳಿದಿತ್ತು. ಅಲ್ಲಿ ಇನ್ನೊಂದು ಎಲೆ ಅಡ್ಡ ಬಿದ್ದಿತ್ತಂತೆ. ರೋಗ ಹೀಗೆ ಗೆರೆ ಕೊರೆದ ಹಾಗೆ ನಿಲ್ಲುವುದಿಲ್ಲ.

ಬಿಸಿಲು ಬಿದ್ದಷ್ಟೂ ಗಿಡಕ್ಕೆ ಒಳ್ಳೆಯದು ಅಂದುಕೊಳ್ಳುತ್ತೇವೆ, ಅಲ್ವಾ? ಎಲೆಯ ಪಾಡು ಬೇರೆ. ಅದರೊಳಗೆ 200–300 ಕ್ಲೋರೋಫಿಲ್ ಅಣುಗಳು ಗುಂಪಾಗಿ ಬೆಳಕು ಹಿಡಿದು ಒಂದೇ ಕೇಂದ್ರಕ್ಕೆ ದಾಟಿಸುತ್ತವೆ. ಮಾಡಿನ ನೀರೆಲ್ಲ ಒಂದೇ ಹಂಡೆಗೆ ಬಿದ್ದ ಹಾಗೆ. ನಡುಮಧ್ಯಾಹ್ನ ಹಂಡೆ ತುಂಬಿದ ಮೇಲೂ ನೀರು ಸುರಿಯುತ್ತಲೇ ಇರುತ್ತದೆ. ಸಕ್ಕರೆ ಮಾಡುವ ಕೆಲಸ ಅಷ್ಟು ಬೇಗ ಸಾಗದು. ಮಿಕ್ಕ ಶಕ್ತಿ ಆಕ್ಸಿಜನ್ನಿಗೆ ತಗುಲಿದರೆ ಅದು ಎಲೆಯನ್ನೇ ಸುಡುತ್ತದೆ.

ಅದಕ್ಕೇ ಎಲೆ ಒಂದು ಉಪಾಯ ಇಟ್ಟುಕೊಂಡಿದೆ. ಬಿಸಿಲೇರಿದ ಕೆಲವೇ ನಿಮಿಷಗಳಲ್ಲಿ ವಯೊಲಾಜಾಂಥಿನ್ ಎಂಬ ಹಳದಿ ಬಣ್ಣವನ್ನು ಜಿಯಾಜಾಂಥಿನ್ ಆಗಿ ಬದಲಿಸಿಕೊಳ್ಳುತ್ತದೆ. ಮೆಕ್ಕೆಜೋಳದ ಕಾಳಿಗೆ ಹಳದಿ ಕೊಡುವುದರಲ್ಲೂ ಇದರ ಪಾಲಿದೆ. ಇದು ಹೆಚ್ಚುವರಿ ಶಕ್ತಿಯನ್ನು ಸುಮ್ನೆ ಶಾಖವಾಗಿ ಹೊರಹಾಕಲು ನೆರವಾಗುತ್ತದೆ. ಆದರೆ ಮೋಡ ಬಂದ ತಕ್ಷಣ ಈ ಏರ್ಪಾಡು ನಿಲ್ಲುವುದಿಲ್ಲ. ಅಷ್ಟು ಹೊತ್ತು ಬೇಕಾದ ಬೆಳಕೂ ಪೋಲು. 2016ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ವಿಜ್ಞಾನಿಗಳು ತಂಬಾಕು ಗಿಡದ ವಂಶವಾಹಿ ತಿದ್ದಿ, ನೆರಳಾದಾಗ ಈ ಏರ್ಪಾಡು ಬೇಗ ನಿಲ್ಲುವ ಹಾಗೆ ಮಾಡಿದರು. ಹೊಲದಲ್ಲಿ ಗಿಡದ ತೂಕ ಸುಮಾರು 15% ಹೆಚ್ಚಿತು!

ನೆರಳಿನಲ್ಲಿ ಬೆಳೆದ ಎಲೆಗೆ ಬೆಳಕು ಹಿಡಿಯುವ ಸಾಮಾನು ಜಾಸ್ತಿ, ಮಿಕ್ಕದ್ದನ್ನು ಹೊರಹಾಕುವ ತಾಕತ್ತು ಕಡಿಮೆ. ಈ ಸಸಿಗಳು ಶೇಡ್ ನೆಟ್ಟಿನಿಂದ ನೇರ ಬಯಲಿಗೆ ಬಂದಿದ್ದವು. ನರ್ಸರಿಯವರು ಒಂದು ಮಾತು ಹೇಳಬಹುದಿತ್ತು.

ಅವರ ಜೊತೆ ತೋಟಕ್ಕೆ ಹೋದೆ. ಹಸಿರಾಗಿಯೇ ಕಾಣುತ್ತಿದ್ದ ಎಲೆಯೊಂದಕ್ಕೆ ಕ್ಲಿಪ್ ಹಾಕಿ 20 ನಿಮಿಷ ಕತ್ತಲಲ್ಲಿಟ್ಟು, ಹಿಡಿದ ಬೆಳಕಿನಲ್ಲಿ ಎಷ್ಟು ಪಾಲನ್ನು ಎಲೆ ಕೆಲಸಕ್ಕೆ ಹಚ್ಚಬಲ್ಲದು ಎಂದು ಅಳೆಯುವ ಮೀಟರಿನಲ್ಲಿ ನೋಡಿದೆ. ಆರೋಗ್ಯವಂತ ಎಲೆ 0.83ರ ಆಸುಪಾಸು ತೋರಿಸಬೇಕು. ಇದು 0.5 ಕೂಡ ಮುಟ್ಟಲಿಲ್ಲ. ಕಣ್ಣಿಗೆ ಕಾಣುವ ಮುಂಚೆಯೇ ಪೆಟ್ಟು ಬಿದ್ದಿತ್ತು.

"ಔಷಧಿ ಬೇಡ. ಪಡುವಣ ಬಿಸಿಲಿಗೆ ಸೋಗೆ ಅಡ್ಡ ಕಟ್ಟಿ, ಸಾಲಿನ ನಡುವೆ ಬಾಳೆ ಹಾಕಿ. ಉಳಿದ ಸಸಿ ಇದ್ದರೆ ನೆರಳು ಸ್ವಲ್ಪ ಸ್ವಲ್ಪವೇ ತೆಗೆದು ಆಮೇಲೆ ನೆಡಿ" ಎಂದೆ.

"ಈ ಎಲೆ ಕಡಿದು ಹಾಕ್ಲಾ?"

"ಬೇಡ. ಹಸಿರು ಪಟ್ಟಿ ಇನ್ನೂ ದುಡೀತಿದೆ. ಸುಳಿ ನೋಡಿ, ಗಟ್ಟಿಯಾಗಿದೆ. ಮುಂದಿನ ಎಲೆ ಈ ಬಿಸಿಲಿಗೆ ಹೊಂದಿಕೊಂಡೇ ಬಿಚ್ಚುತ್ತದೆ."