ಕಾಫಿ ಸುದ್ದಿ ಯಾಕೆ ಹೀಗೆ ಮಗ್ಗುಲು ಬದಲಾಯಿಸುತ್ತೆ?

2025ರಲ್ಲಿ ಕಾಫಿಯ ಬಗ್ಗೆ ಎರಡು ಸುದ್ದಿ ಜೋರಾಗಿ ಓಡಾಡಿದವು. ಜನವರಿಯ ಸುದ್ದಿ: ಬೆಳಗಿನ ಹೊತ್ತಿಗೇ ಕಾಫಿ ಮುಗಿಸುವವರಲ್ಲಿ ಸಾವಿನ ಅಪಾಯ ಕಡಿಮೆ ಕಂಡಿತು, ದಿನವಿಡೀ ಕುಡಿಯುವವರಲ್ಲಿ ಆ ಲಾಭ ಕಾಣಲಿಲ್ಲ. ನವೆಂಬರಿನ ಸುದ್ದಿ: ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಎದೆಬಡಿತದ ತೊಂದರೆ ಇದ್ದವರಲ್ಲಿ, ದಿನಕ್ಕೊಂದು ಕಪ್ ಕುಡಿದವರಿಗೆ ಅದು ಮರುಕಳಿಸಿದ್ದು ಕಡಿಮೆ. ಎದೆ ಡವಗುಟ್ಟಿದರೆ ಮೊದಲು ಕಾಫಿ ಬಿಡಿ ಅನ್ನೋ ಮಾತು ಕೇಳಿಕೊಂಡೇ ಬೆಳೆದವಳು ನಾನು. ಎರಡನೇ ಸುದ್ದಿಯನ್ನು ಮತ್ತೆ ಮತ್ತೆ ಓದಿದೆ.

ಒಳ್ಳೆಯದು, ಕೆಟ್ಟದ್ದು ಅನ್ನುವ ಈ ಜಗಳ ಹಳೆಯದು. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ, ಕೈರೋದ ಸುಲ್ತಾನ ಅದನ್ನು ಒಪ್ಪಲಿಲ್ಲ. 1675ರ ಕೊನೆಯಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಿಸಲು ಹೊರಟ, ಕೆಲವೇ ದಿನಗಳಲ್ಲಿ ಹಿಂದೆ ಸರಿದ. 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದ. ಅಲ್ಲಿಂದ ಮಾತು ಮೆಲ್ಲಗೆ ಪ್ರಯೋಗಶಾಲೆಯ ಕಡೆ ತಿರುಗಿತು.

ನಿಜವಾದ ಗೋಜಲು ಶುರುವಾಗುವುದು 1981ರಲ್ಲಿ. ಹಾರ್ವರ್ಡ್‌ನ ಸಂಶೋಧಕರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 369 ಜನರನ್ನು ಬೇರೆ 644 ರೋಗಿಗಳ ಜೊತೆ ಹೋಲಿಸಿದರು. ಕ್ಯಾನ್ಸರ್ ಇದ್ದವರು ಕಾಫಿ ಜಾಸ್ತಿ ಕುಡಿದಿದ್ದರು. ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು, ಎಲ್ಲ ಕಡೆ ಹಬ್ಬಿತು. ಆದರೆ ಆ 644 ಜನ ಯಾರು? ಅದೇ ವೈದ್ಯರ ಹತ್ತಿರ ಬೇರೆ ಕಾಯಿಲೆಗೆ ಬಂದವರು. ಅವರಲ್ಲಿ ಹಲವರಿಗೆ ಹೊಟ್ಟೆ, ಕರುಳಿನ ತೊಂದರೆ. ಹೊಟ್ಟೆ ಉರಿಯುವವರು ಕಾಫಿ ಕಡಿಮೆ ಮಾಡ್ತಾರೆ, ಅಲ್ವಾ? ಕಾಫಿ ಬಿಟ್ಟವರ ಪಕ್ಕ ನಿಲ್ಲಿಸಿದರೆ ಮಾಮೂಲಿ ಕುಡಿಯುವವರೂ ವಿಪರೀತ ಕುಡಿಯುವವರ ಹಾಗೆ ಕಾಣುತ್ತಾರೆ. 1986ರಲ್ಲಿ ಅದೇ ತಂಡ ಮತ್ತೆ ಅಧ್ಯಯನ ಮಾಡಿದಾಗ ಮೊದಲಿನ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಭಯ ಮನೆಮನೆ ಸೇರಿತ್ತು.

ಇನ್ನೊಂದು ತೊಡಕು ಸಿಗರೇಟು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಸೇದುವವರೂ ಜಾಸ್ತಿ ಇದ್ದರು. ಸಿಗರೇಟಿನ ಪಾಪ ಕಾಫಿಯ ತಲೆಗೆ ಕಟ್ಟಿಕೊಂಡು ಎಷ್ಟು ವರ್ಷ ಹೋಯಿತು ಅನ್ನುವುದು 2012ರಲ್ಲಿ ಚೆನ್ನಾಗಿ ಕಂಡಿತು. ಅಮೆರಿಕದ 4 ಲಕ್ಷ ಜನರ ಅಧ್ಯಯನ ಅದು. ವಯಸ್ಸನ್ನಷ್ಟೇ ಲೆಕ್ಕ ಹಿಡಿದಾಗ ಕಾಫಿ ಕುಡಿಯುವವರೇ ಹೆಚ್ಚು ಸಾಯುತ್ತಿದ್ದರು. ಧೂಮಪಾನವನ್ನೂ ಲೆಕ್ಕಕ್ಕೆ ತಂದ ಕೂಡಲೇ ಅಂಕಿ ತಿರುಗಿಬಿತ್ತು, ಕುಡಿಯುವವರ ಅಪಾಯವೇ ಸ್ವಲ್ಪ ಕಡಿಮೆ! ಕಾಫಿಯ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ತಿರುವು ಇದೇ. ಕಾಫಿಯೂ ಅದೇ, ಜನರೂ ಅವರೇ. ಲೆಕ್ಕ ಹಾಕಿದ ರೀತಿ ಬೇರೆ, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ ಇದೇ ದಾರಿಯಲ್ಲಿ ನಡೆಯಿತು. 1991ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ ಕಾಫಿಯನ್ನು '2ಬಿ' ಪಟ್ಟಿಗೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು ಅನ್ನುವ ವಸ್ತುಗಳ ಪಟ್ಟಿಗೆ ಹಾಕಿತ್ತು. 25 ವರ್ಷ ಕಾಫಿ ಆ ಹಣೆಪಟ್ಟಿ ಹೊತ್ತಿತು. 2016ರಲ್ಲಿ ಸಾವಿರಕ್ಕೂ ಹೆಚ್ಚು ಅಧ್ಯಯನ ನೋಡಿ, ಹಾಗೆ ಹೇಳಲು ಆಧಾರ ಸಾಲದು ಎಂದು ಅಲ್ಲಿಂದ ತೆಗೆಯಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗಿರಬಹುದು ಎಂದಿತು. ಅಂದರೆ ಅನುಮಾನ ಬಿಸಿಯ ಮೇಲೆ. ತಲೆಬರಹಗಳ ಅವಸರದಲ್ಲಿ ಎಷ್ಟೋ ಕಡೆ ಕಾಫಿಗೂ ಬಿಸಿಗೂ ನಡುವಿನ ಈ ವ್ಯತ್ಯಾಸ ಕಳೆದುಹೋಯಿತು. ಬೀಜ ಹುರಿಯುವಾಗ ಹುಟ್ಟುವ, ಕ್ಯಾನ್ಸರಿನ ಅನುಮಾನ ಇರುವ ಅಕ್ರಿಲಮೈಡ್ ಅನ್ನುವ ರಾಸಾಯನಿಕದಿಂದಾಗಿ 2018ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ಕಾಫಿಗೆ ಎಚ್ಚರಿಕೆ ಚೀಟಿ ಬೇಕು ಅಂದದ್ದೂ ಉಂಟು. ಮರುವರ್ಷ ಆ ರಾಜ್ಯವೇ ಕಾಫಿಗೆ ವಿನಾಯಿತಿ ಕೊಟ್ಟಿತು.

ಹಾಗಂತ ಎಲ್ಲ ದೂರೂ ಸುಳ್ಳಲ್ಲ. ಪುಡಿ ಹಾಕಿ ಕುದಿಸಿದ ಕರಿ ಕಾಫಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೇಲೆ ಎಣ್ಣೆಯ ತೆಳು ಪೊರೆ ಮಿನುಗುತ್ತದೆ. ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಇರುವುದು ಆ ಎಣ್ಣೆಯಲ್ಲಿ. 1980ರ ದಶಕದಲ್ಲಿ ಕುದಿಸಿ ಕುಡಿಯುವ ನಾರ್ವೆಯವರಲ್ಲಿ ಕೊಲೆಸ್ಟರಾಲ್ ಜಾಸ್ತಿ ಕಂಡಿದ್ದು ಇದರಿಂದಲೇ. ಕಾಗದದಲ್ಲಿ ಸೋಸಿದರೆ ಬಹುಪಾಲು ಕಾಗದದಲ್ಲೇ ಉಳಿಯುತ್ತದೆ. 'ಕಾಫಿ' ಅನ್ನುವ ಒಂದೇ ಹೆಸರಿನಡಿ ಇಷ್ಟು ಬೇರೆ ಬೇರೆ ಪಾನೀಯಗಳಿವೆ, ಆದರೆ ಅನೇಕ ಅಧ್ಯಯನಗಳು ಕೇಳುವುದು ದಿನಕ್ಕೆ ಎಷ್ಟು ಕಪ್ ಅಂತ ಮಾತ್ರ.

ಈಗ 2025ರ ಆ ಎರಡು ಸುದ್ದಿಗೆ ಬರೋಣ. ಎರಡರ ತೂಕ ಒಂದೇ ಅಲ್ಲ. ಜನವರಿಯದ್ದು ಸಮೀಕ್ಷೆ. 40 ಸಾವಿರ ಜನ ತಾವು ತಿಂದದ್ದು, ಕುಡಿದದ್ದು ಹೇಳಿದ್ದರು, ಅದರಿಂದ ಲೆಕ್ಕ ಮಾಡಿದ್ದು. ಬೆಳಿಗ್ಗೆ ಮಾತ್ರ ಕುಡಿಯುವವರು ಬೇರೆ ವಿಷಯದಲ್ಲೂ ಶಿಸ್ತಿನವರಾಗಿರಬಹುದು. ನವೆಂಬರಿನದ್ದು ಪ್ರಯೋಗ. ಮೊದಲೇ ಕಾಫಿ ರೂಢಿಯಿದ್ದ 200 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕುಡಿಯಿರಿ ಅಂದರು, ಇನ್ನೊಂದಕ್ಕೆ ಪೂರ್ತಿ ಬಿಡಿ ಅಂದರು. 6 ತಿಂಗಳಲ್ಲಿ ಕುಡಿದವರಲ್ಲಿ ಶೇ. 47 ಜನರಿಗೆ ತೊಂದರೆ ಮರುಕಳಿಸಿತು, ಬಿಟ್ಟವರಲ್ಲಿ ಶೇ. 64 ಜನರಿಗೆ. ಸಣ್ಣ ಪ್ರಯೋಗ, ಹೌದು. ಕಾಫಿ ರೂಢಿ ಇಲ್ಲದವರು ಇದನ್ನು ಓದಿ ಹೊಸದಾಗಿ ಶುರು ಮಾಡಬೇಕಿಲ್ಲ. ಆದರೂ ನನಗೆ ಇದೇ ಜಾಸ್ತಿ ಭರವಸೆ ಕೊಡುತ್ತದೆ, ಏಕೆಂದರೆ ಇಲ್ಲಿ ಸಿಗರೇಟು, ಶಿಸ್ತು ಇವೆಲ್ಲ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ.

ಇದೇ ಬಗೆಯ ಇನ್ನೊಂದು ಪ್ರಯೋಗ 2023ರಲ್ಲಿ ಬಂದಿತ್ತು. 100 ಆರೋಗ್ಯವಂತರು, 14 ದಿನ. ಇವತ್ತು ಕಾಫಿ ಕುಡಿಯಿರಿ, ಇವತ್ತು ಬೇಡ ಅಂತ ಫೋನಿಗೆ ಸಂದೇಶ. ಕುಡಿದ ದಿನ ಸುಮಾರು ಸಾವಿರ ಹೆಜ್ಜೆ ಜಾಸ್ತಿ ನಡೆದರು, 36 ನಿಮಿಷ ಕಡಿಮೆ ಮಲಗಿದರು. ಕ್ಯಾನ್ಸರಿನ ಸುದ್ದಿಗೂ ಬಿಡದ ನನ್ನ ಸಂಜೆಯ ಕಪ್ಪನ್ನು ಬಿಡಿಸಿದ್ದು ಆ 36 ನಿಮಿಷ.